ಅಡುಗೆಮನೆಗೆ ನಡೆದ ಕುರ್ಚಿ

ಧೊಂಡಿಬಾನನ್ನು ನಾನು ಮೊದಲು ಕಂಡದ್ದು ಬೀದರದಿಂದ ಔರಾದಕ್ಕೆ ಹೋಗುವ ಮಧ್ಯಾಹ್ನದ ಬಸ್ಸಿನಲ್ಲಿ. ಹದಿಮೂರು ವರ್ಷದ ಹಿಂದಿನ ಮಾತು. ಆಗ ನಾನು ಔರಾದದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಅಂದರೆ ಮನೆಯಲ್ಲಿ ಮರಾಠಿ, ಬಯಲಲ್ಲಿ ಉರ್ದು ಆಡುವ ಮಕ್ಕಳಿಗೆ ಊಟವಾದ ಮೇಲಿನ ತಾಸಿನಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಹೇಳಿ ಸುಖವಾಗಿ ನಿದ್ದೆ ಬರಿಸುತ್ತಿದ್ದೆ.

ಪಕ್ಕದ ಸೀಟಿನಲ್ಲಿದ್ದವನಿಗೆ ಮೂವತ್ತರ ಆಸುಪಾಸು ವಯಸ್ಸು. ಕೆಂಪು ರುಮಾಲು, ಮೊಣಕಾಲು ಮುಟ್ಟುವ ಧೋತರ. ತೊಡೆಯ ಮೇಲೆ ಕರಿಯ ಕಂಬಳಿಯಲ್ಲಿ ಸುತ್ತಿದ ಏನನ್ನೋ ಎರಡೂ ಕೈಯಿಂದ ಅವಚಿ ಹಿಡಿದಿದ್ದ. ಕಂಬಳಿಯ ಮೂಲೆಯಿಂದ ಕರಿಯ ಬಾಲವೊಂದು ಹೊರಗೆ ಜೋತುಬಿದ್ದಿತ್ತು. ಕಂಡಕ್ಟರ್ ಬಂದವನೇ ಬಾಲ ನೋಡಿ ಕುರಿಮರಿಯದೂ ಟಿಕೀಟು ತೆಗೆದುಕೊಳ್ಳೆಂದ.

"ಮರಿ ಅಲ್ರಿ ಇದು, ಮಿಷಿನ್ ಅದ."

"ಮಿಷಿನಿಗಿ ಬಾಲ ಇರ್ತದೇನ?"

ಧೊಂಡಿಬಾ ಕಂಬಳಿ ಬಿಚ್ಚಿ ತೋರಿಸಿದ. ಇಸ್ತ್ರಿ ಪೆಟ್ಟಿಗೆಗೆ ಹಲ್ಲು ಬಂದಂತಿದ್ದ ಒಂದು ಯಂತ್ರ. ಕೆಳಗೆ ಬೆರಳುದ್ದದ ಗರಗಸದ ಅಲಗು, ಹಿಂದೆ ವಿದ್ಯುತ್ತಿನ ವಾಯರು. ಬಾಲವೆಂದರೆ ಅದೇ. ಇದು ಏನು ಮಾಡುತ್ತದೆಂದು ಕಂಡಕ್ಟರ್ ಕೇಳಿದ.

"ಕಟ್ಟಿಗಿ ಸೊಟ್ಟ ಕೊಯ್ತದರಿ."

"ಸೊಟ್ಟ ಕೊಯ್ಲಾಕ ಮಿಷಿನ್ ಯಾಕೋ? ನಮ್ಮೂರ ಬಡಿಗ್ಯಾ ಬರೇ ಕೈಲೇ ಸೊಟ್ಟ ಕೊಯ್ತಾನ."

ಬಸ್ಸೆಲ್ಲ ನಕ್ಕಿತು. ಧೊಂಡಿಬಾ ಮಾತ್ರ ಬೇಸರವಿಲ್ಲದೆ ಯಂತ್ರವನ್ನು ಮತ್ತೆ ಸುತ್ತಿ, ಅದರ ಬಾಲವನ್ನೂ ಒಳಗೆ ಸೇರಿಸಿ, ದಾರಿಯುದ್ದಕ್ಕೂ ನನಗೆ ತನ್ನ ಚರಿತ್ರೆ ಹೇಳಿದ.

ಅವನದು ಔರಾದ ತಾಲೂಕಿನ ಡಾಬಕಾ. ಅಲ್ಲಿಂದ ಒಂದು ಹೆಜ್ಜೆ ಹೆಚ್ಚು ಇಟ್ಟರೆ ಮಹಾರಾಷ್ಟ್ರ. ಅಜ್ಜ, ಅಪ್ಪ, ಇವನು ಎಲ್ಲರೂ ಕುರಿ ಕಾದವರು. ಮಳೆ ಸರಿಯಾಗದ ಒಂದು ವರ್ಷ ಕುರಿಗಳನ್ನು ಹೆಂಡತಿ ಕಾಂತಾಬಾಯಿಗೆ ಒಪ್ಪಿಸಿ, ಬೀದರದ ಅಂಚಿನ ಕೊಳಾರದಲ್ಲಿ ಮುಜೀಬೋದ್ದೀನ ಎಂಬುವರ ಫರ್ನಿಚರ್ ಕಾರಖಾನೆಗೆ ಹೊರೆ ಹೊರಲು ಹೋದ. ಅಲ್ಲಿ ಒಬ್ಬ ಕೆಲಸಗಾರ ಈ ಜಿಗ್‌ಸಾ ಯಂತ್ರದಿಂದ ಹಲಗೆಯಲ್ಲಿ ನವಿಲಿನ ಕುತ್ತಿಗೆ ಕೊಯ್ದದ್ದನ್ನು ನೋಡಿದ. ಅಷ್ಟೇ, ಇವನ ಕುತ್ತಿಗೆಯೂ ಅಲ್ಲೇ ಸಿಕ್ಕಿಕೊಂಡಿತು. ನೇರ ಕೊಯ್ಯುವುದು ಯಾರಿಗೂ ಬರುತ್ತದೆ, ಕಟ್ಟಿಗೆಯಲ್ಲಿ ತಿರುವು ತೆಗೆಯುವುದೇ ವಿದ್ಯೆ ಎಂದು ಅವನ ಸಿದ್ಧಾಂತ. ಬಕ್ರೀದ್ ಬಂದಾಗ ಎರಡು ಟಗರು ಕೊಟ್ಟು ಮುಜೀಬೋದ್ದೀನರಿಂದ ಹಳೆಯ ಯಂತ್ರ ಇಸಿದುಕೊಂಡ. ಅದನ್ನೇ ಈಗ ಮನೆಗೆ ಒಯ್ಯುತ್ತಿದ್ದ. ಹೆಂಡತಿಗೆ ಇನ್ನೂ ಹೇಳಿರಲಿಲ್ಲ.

ಮುಂದಿನ ಎರಡು ವರ್ಷದಲ್ಲಿ ಡಾಬಕಾದಲ್ಲಿ ನೇರವಾದ ಹಲಗೆ ಉಳಿಯಲಿಲ್ಲವೆಂದು ನನ್ನ ವಿದ್ಯಾರ್ಥಿಗಳು ವರದಿ ತರುತ್ತಿದ್ದರು. ಕೋಳಿಗೂಡಿನ ಬಾಗಿಲಿಗೆ ಅರಮನೆಯ ಕಮಾನು ಬಂತು. ಹನುಮಂತ ದೇವರ ಗುಡಿಯ ಗಂಟೆ ತೂಗುವ ಪಟ್ಟಿ ಹಾವಿನಂತೆ ಬಾಗಿ, ಹನುಮಂತನ ಗುಡಿಗೆ ನಾಗಪ್ಪನ ಭಕ್ತರೂ ಬರತೊಡಗಿದರು. ಕಾಂತಾಬಾಯಿಯ ಚಪಾತಿ ಮಣೆಯನ್ನು ಮಾವಿನೆಲೆಯ ಆಕಾರಕ್ಕೆ ಕೊಯ್ದುಬಿಟ್ಟ. ಮರುದಿನದಿಂದ ಅವಳು ಅದೇ ಆಕಾರದ ಚಪಾತಿ ಮಾಡಿ ಬಡಿಸಿ, ತುದಿಯ ಚೂಪು ಭಾಗ ಅವನ ಕಡೆಗೇ ಬರುವಂತೆ ಇಡುತ್ತಿದ್ದಳಂತೆ. ಇವೆಲ್ಲ ತೆಳುವಾದ ಹಲಗೆಯ ಪರಾಕ್ರಮಗಳು. ದಪ್ಪ ಕಟ್ಟಿಗೆ ಇನ್ನೂ ಅವನನ್ನು ಎದುರಿಸಿರಲಿಲ್ಲ.

ನಾನು ನಿವೃತ್ತನಾಗಿ ಭಾಲ್ಕಿಯ ನಮ್ಮ ಮನೆಗೆ ಬಂದ ವರ್ಷವೇ ಅವನೂ ಹೆಂಡತಿಯೊಂದಿಗೆ ಭಾಲ್ಕಿಗೆ ಬಂದು, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತಗಡಿನ ಅಂಗಡಿ ಹಾಕಿದ. ಕುರಿಗಳನ್ನು ಡಾಬಕಾದಲ್ಲಿ ಅವನ ಮೈದುನ ನೋಡಿಕೊಳ್ಳುತ್ತಿದ್ದ. ಕಾಂತಾಬಾಯಿ ಒಂದು ಷರತ್ತಿನ ಮೇಲೆ ಬಂದಿದ್ದಳು. ಒಂದು ವರ್ಷದೊಳಗೆ ಊರಿನ ನಾಲ್ಕು ಜನ ಇವನನ್ನು ಬಡಿಗ ಎಂದು ಕರೆಯಬೇಕು. ಇಲ್ಲವಾದರೆ ಯಂತ್ರ ಕೊಳಾರಕ್ಕೆ, ಇವರಿಬ್ಬರೂ ಕುರಿಗಳ ಹಿಂದೆ. ಅವಳಿಗೆ ಕುರಿಗಳೇ ಇಷ್ಟ. ಕುರಿ ಕರೆಂಟು ಹೋದರೂ ನಡೆಯುತ್ತದೆ ಎಂದು ನನಗೇ ಒಮ್ಮೆ ಹೇಳಿದ್ದಳು.

ಬಡಿಗ ಎನ್ನಿಸಿಕೊಳ್ಳಲು ಎದುರಿಗೆ ಒಂದು ಗೋಡೆಯೇ ಇತ್ತು. ಆ ಗೋಡೆಯ ಹೆಸರು ಮಡೆಪ್ಪ. ನಾಲ್ಕು ತಲೆಮಾರಿನ ಬಡಿಗ, ಎಪ್ಪತ್ತರ ವಯಸ್ಸು, ಕಿವಿಯ ಮೇಲೆ ಸದಾ ಪೆನ್ಸಿಲು. ಸಂಜೆ ಹೊತ್ತು ಧೊಂಡಿಬಾನ ಅಂಗಡಿಯ ಮುಂದೆ ನಿಂತು, ಯಂತ್ರದ ಸದ್ದು ಕೇಳಿ, ಇಂದು ಎಷ್ಟು ಉಣ್ಣೆ ಬಂತೆಂದು ವಿಚಾರಿಸಿ ಹೋಗುವುದು ಅವನ ನಿತ್ಯಕರ್ಮವಾಗಿತ್ತು. ಅವನ ಮಾತಿಗೆ ಊರು ನಗುತ್ತಿತ್ತು. ಹನ್ನೊಂದು ತಿಂಗಳು ಕಳೆದರೂ ಧೊಂಡಿಬಾ ಊರಿನ ಬಾಯಲ್ಲಿ 'ಕುರಿಯವ'ನಾಗಿಯೇ ಉಳಿದಿದ್ದ.

ಆಗ ಬಂತು ಬಸವೇಶ್ವರಿ ಆಯಿಯ ಕುರ್ಚಿ.

ಆಯಿ ನಮ್ಮ ಓಣಿಯ ಕಿರಾಣಿ ವ್ಯಾಪಾರಿ ಶಿವರಾಜಪ್ಪನವರ ತಾಯಿ. ಎಂಬತ್ತೆರಡು ವರ್ಷ. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ವಚನ, ವಚನ ಮುಗಿದ ಮೇಲೆ ಸೊಸೆ ವಿಮಲಾಬಾಯಿಯ ಅಡುಗೆಯ ವಿಮರ್ಶೆ. ಒಂದು ದಿನ ಅವರು ಮಗನನ್ನು ಕರೆದು, ತಮಗೆ ತೂಗುವ ಕುರ್ಚಿ ಬೇಕೆಂದರು. ಈ ವಯಸ್ಸಿನಲ್ಲಿ ಯಾಕೆಂದು ಮಗ ಕೇಳಿದ.

"ಆರು ಮಕ್ಕಳಿಗಿ ತೂಗೀನಿ, ಹದಿನಾಲ್ಕು ಮೊಮ್ಮಕ್ಕಳಿಗಿ ತೂಗೀನಿ. ನನಗ ಯಾರರ ತೂಗೀರೇನು? ನಾನೇ ತೂಗ್ಕೋತೀನಿ, ಕುರ್ಚಿ ಮಾಡಸ್ರಿ."

ಶಿವರಾಜಪ್ಪ ಮೊದಲು ಮಡೆಪ್ಪನ ಬಳಿಗೇ ಹೋದರು. ಕುರ್ಚಿಯ ಕೆಳಗಿನ ಎರಡು ಬಾಗುಪಟ್ಟಿಗಳನ್ನು ಕೈಗರಗಸದಲ್ಲಿ ಸರಿಯಾಗಿ ತೆಗೆಯಲು ಮೂರು ತಿಂಗಳು ಬೇಕೆಂದ ಮಡೆಪ್ಪ. ಎಳ್ಳ ಅಮಾವಾಸ್ಯೆಗೆ ಇನ್ನು ಇಪ್ಪತ್ತು ದಿನವಿತ್ತು. ಆ ದಿನ ಸಾಯಗಾಂವದ ತಮ್ಮ ಹೊಲದಲ್ಲಿ ಬೀಗರೆದುರು ಕುರ್ಚಿಯಲ್ಲಿ ಕುಳಿತೇ ಸೊಪ್ಪು ಕಾಳಿನ ಭಜ್ಜಿ ಉಣ್ಣಬೇಕೆಂದು ಆಯಿ ಆಗಲೇ ನಿಶ್ಚಯಿಸಿಬಿಟ್ಟಿದ್ದರು. ಮೂರು ತಿಂಗಳು ತಾನೇ ಇರುತ್ತೇನೋ ಇಲ್ಲವೋ, ಆ ಕುರಿಯವನಿಗೇ ಹೇಳು ಎಂದರು.

ಧೊಂಡಿಬಾ ಆ ಇಪ್ಪತ್ತು ದಿನ ಕಟ್ಟಿಗೆಯ ಹೊಟ್ಟಿನಲ್ಲೇ ಉಂಡ, ಅದರಲ್ಲೇ ಮಲಗಿದ. ಬಾಗುಪಟ್ಟಿಗೆಂದು ಹಳೆಯ ವಾಡೆಯೊಂದರ ಸಾಗವಾನಿ ತೊಲೆ ತಂದಿದ್ದ. ದಪ್ಪ ಎರಡೂವರೆ ಇಂಚು. ಯಂತ್ರಕ್ಕೆ ಉದ್ದನೆಯ ಅಲಗು ಹಾಕಿ, ತೊಲೆಯನ್ನು ಎರಡು ಕಲ್ಲಿನ ಮೇಲೆ ಇಟ್ಟು, ಪೆನ್ಸಿಲ್ ಗೆರೆಯ ಮೇಲೆ ಯಂತ್ರ ನಡೆಸಿದ. ದಪ್ಪ ಕಟ್ಟಿಗೆ ಮೊಂಡು ಮಾಡಿತು. ಇವನು ಹಿಂದಿನಿಂದ ಒತ್ತಿದ. ಅದು ಹೊಗೆ ಬಿಟ್ಟಿತು, ಇವನು ಇನ್ನಷ್ಟು ಒತ್ತಿದ. ಆರು ಅಲಗು ಮುರಿದವು. ಆದರೆ ಕೊನೆಗೆ ಬಂದ ತಿರುವು ಪೆನ್ಸಿಲ್ ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಅದನ್ನು ನಾನೇ ಕನ್ನಡಕ ಹಾಕಿಕೊಂಡು ಪರೀಕ್ಷಿಸಿ, ನೂರಕ್ಕೆ ನೂರು ಎಂದು ಘೋಷಿಸಿದೆ. ಮೂವತ್ತೈದು ವರ್ಷ ಉತ್ತರಪತ್ರಿಕೆಯ ಮೊದಲ ಪುಟವನ್ನಷ್ಟೇ ನೋಡಿ ಅಂಕ ಕೊಟ್ಟವನ ಅಭ್ಯಾಸ.

ಎಳ್ಳ ಅಮಾವಾಸ್ಯೆಯ ದಿನ ಕುರ್ಚಿ ಟ್ರಾಕ್ಟರಿನಲ್ಲಿ ಸಾಯಗಾಂವಕ್ಕೆ ಹೋಯಿತು. ಹೊಲದ ನಡುವೆ ಜೋಳದ ದಂಟಿನ ಗುಡಿಸಲು, ಒಳಗೆ ಸುಣ್ಣ ಹಚ್ಚಿದ ಐದು ಕಲ್ಲಿನ ಪಾಂಡವರು, ಹೊರಗೆ ಕುರ್ಚಿಯ ಮೇಲೆ ಬಸವೇಶ್ವರಿ ಆಯಿ. ಬಂದವರು ಪಾಂಡವರಿಗೆ ಒಂದು ಕೈ ಮುಗಿದರೆ ಕುರ್ಚಿಗೆ ಎರಡು ಮುಗಿದರು. ಆಯಿ ಸಜ್ಜೆ ರೊಟ್ಟಿ, ಭಜ್ಜಿ ಉಂಡು, ಅಂಬಲಿ ಕುಡಿದು, ಹಿಂದೆ ಮುಂದೆ ಮೆಲ್ಲಗೆ ತೂಗಿದರು. ಕುರ್ಚಿ ಕರಿಮಣ್ಣಿನಲ್ಲಿ ಎರಡು ಬೆರಳು ಇಳಿದು, ಕೋಣದಂತೆ ಗಂಭೀರವಾಗಿ ಅಲುಗಿತು. ಶಿವರಾಜಪ್ಪ ಧೊಂಡಿಬಾನಿಗೆ ಶಾಲು ಹೊದಿಸಿದರು. ನಾಲ್ಕು ಮಾತು ಆಡಿ ಎಂದು ನನ್ನನ್ನು ಕೇಳಿದರು. ನಾನು ನಲವತ್ತು ಆಡಿದೆ. ಅದರಲ್ಲಿ 'ಬಡಿಗ' ಎಂಬ ಶಬ್ದ ಏಳು ಸಲ ಬಂದಿತೆಂದು ಕಾಂತಾಬಾಯಿ ಎಣಿಸಿಟ್ಟುಕೊಂಡು, ಒಬ್ಬನೇ ಏಳು ಸಲ ಅಂದರೆ ಏಳು ಜನ ಅಂದಂತಲ್ಲ ಎಂದು ಗಂಡನಿಗೆ ನೆನಪಿಸಿದಳು.

ಮರುದಿನ ಕುರ್ಚಿಯನ್ನು ಮನೆಗೆ ತಂದು ಪಡಸಾಲೆಯ ನುಣ್ಣನೆ ಶಹಾಬಾದ ಕಲ್ಲಿನ ಫರಸಿಯ ಮೇಲೆ ಇಟ್ಟರು. ಆಯಿ ರುದ್ರಾಕ್ಷಿ ಹಿಡಿದು, ಕಣ್ಣು ಮುಚ್ಚಿ, ತೂಗುತ್ತ ಜಪಕ್ಕೆ ಕುಳಿತರು. ನೂರೆಂಟು ಮುಗಿಸಿ ಕಣ್ಣು ತೆರೆದರೆ ಎದುರಿಗೆ ಗ್ಯಾಸ್ ಒಲೆ. ಒಲೆಯ ಮುಂದೆ ಸೊಸೆ. ಸೊಸೆಯ ಕೈಯಲ್ಲಿ, ಅತ್ತೆಗೆ ಗೊತ್ತಾಗದಂತೆ ಹಾಕಲು ಹೊರಟಿದ್ದ ಎರಡನೆಯ ಚಮಚೆ ತುಪ್ಪ.

ತುಪ್ಪ ಡಬ್ಬಿಗೇ ಮರಳಿತಂತೆ.

ಕುರ್ಚಿ ನಡೆಯುತ್ತಿತ್ತು. ಒಮ್ಮೆ ತೂಗಿದರೆ ಒಂದು ಬೆರಳು ಎಡಕ್ಕೆ, ಒಂದು ಬೆರಳು ಮುಂದಕ್ಕೆ. ಎಲ್ಲಿ ಇಟ್ಟು ತೂಗಿದರೂ ಅದರ ಪಯಣ ಅಡುಗೆಮನೆಯ ಕಡೆಗೇ. ಮಣ್ಣಿನಲ್ಲಿ ಹೂತಿದ್ದಾಗ ಬಚ್ಚಿಟ್ಟುಕೊಂಡ ಗುಣವನ್ನು ಕಲ್ಲಿನ ಮೇಲೆ ಬಿಚ್ಚಿ ತೋರಿಸಿತು. ಇದು ಅತ್ತೆಯದೇ ಸಂಚು, ಅಳತೆ ಕೊಟ್ಟು ಮಾಡಿಸಿದ್ದಾರೆ ಎಂದು ವಿಮಲಾಬಾಯಿ ತವರಿಗೆ ಫೋನು ಮಾಡಿ ಹೇಳಿದರು. ಮೂರನೆಯ ದಿನ ಕುರ್ಚಿ ಆಯಿಯ ಸಮೇತ ದಾರಿ ತಪ್ಪಿ ಅಂಗಳದ ಮೆಟ್ಟಿಲ ಅಂಚಿಗೆ ಹೋಗಿ ನಿಂತಾಗ ಮಾತ್ರ ಎಲ್ಲರ ನಗು ನಿಂತಿತು. ಶಿವರಾಜಪ್ಪ ಮಡೆಪ್ಪನಿಗೂ ಧೊಂಡಿಬಾನಿಗೂ ಹೇಳಿ ಕಳಿಸಿದರು. ನಾನು ಕರೆಯದೆಯೇ ಹೋದೆ.

ಮಡೆಪ್ಪ ಕುರ್ಚಿಯನ್ನು ತಲೆಕೆಳಗೆ ಮಾಡಿ, ಬಾಗುಪಟ್ಟಿಗೆ ತನ್ನ ಕಬ್ಬಿಣದ ಗುಣ್ಯಾ ಹಚ್ಚಿದ. ಮೂಲೆ ನೇರವಿದೆಯೇ ಎಂದು ನೋಡುವ ಸಾಧನ ಅದು. ಪಟ್ಟಿಗೂ ಗುಣ್ಯಾಕ್ಕೂ ನಡುವೆ ಬೆಳಕು ಕಂಡಿತು. ನಡುಭಾಗದಲ್ಲಿ ಸರಿಯಿತ್ತು. ತಿರುವು ಬಂದಲ್ಲೆಲ್ಲ ಅಲಗು ಮೇಲೆ ಗೆರೆ ಹಿಡಿದು ಹೋಗಿ, ಕೆಳಗೆ ಬಾಗಿ ಅರ್ಧ ಬೆರಳು ಬೇರೆ ಕಡೆ ಕೊಯ್ದಿತ್ತು. ಒಂದು ಪಟ್ಟಿ ಎಡಕ್ಕೆ ವಾಲಿದ್ದರೆ ಇನ್ನೊಂದು ಬಲಕ್ಕೆ.

"ಮ್ಯಾಲ ಭಾಲ್ಕಿಗಿ ಹೊಂಟಾದ, ಕೆಳಗ ಔರಾದಕ್ಕ ಹೊಂಟಾದ," ಎಂದ ಮಡೆಪ್ಪ. "ಪಾಪ, ಆಯಿ ನಡುವ ಸಿಕ್ಕಾರ."

ಧೊಂಡಿಬಾ ಗುಣ್ಯಾ ಇಸಿದುಕೊಂಡು ತಾನೂ ಹಚ್ಚಿ ನೋಡಿದ. ನೂರಕ್ಕೆ ನೂರು ಕೊಟ್ಟಿದ್ದ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡತೊಡಗಿದೆ. ಕೊನೆಗೆ ಆಯಿಯೇ ತೀರ್ಪು ಕೊಟ್ಟರು. ಎಂಟು ದಿನ. ಅಷ್ಟರಲ್ಲಿ ಹೊಸ ಪಟ್ಟಿ ಹಾಕಿ ಕುರ್ಚಿಯನ್ನು ಇಟ್ಟಲ್ಲೇ ನಿಲ್ಲಿಸಬೇಕು. ಆಗದಿದ್ದರೆ ಮಡೆಪ್ಪ ಮಾಡುತ್ತಾನೆ, ಮೂರು ತಿಂಗಳು ತಾನು ಹೇಗೋ ಉಸಿರು ಹಿಡಿದುಕೊಂಡಿರುತ್ತೇನೆ ಎಂದರು. ಆ ಎಂಟನೆಯ ದಿನಕ್ಕೇ ಕಾಂತಾಬಾಯಿಯ ಒಂದು ವರ್ಷವೂ ಮುಗಿಯುತ್ತಿತ್ತು.

ಉಳಿದಿದ್ದ ತೊಲೆಯಲ್ಲಿ ಇನ್ನೊಂದು ಜೊತೆ ಪಟ್ಟಿಗಾಗುವಷ್ಟೇ ಕಟ್ಟಿಗೆ ಇತ್ತು. ಐದು ದಿನ ಧೊಂಡಿಬಾ ಬೇರೆ ತುಂಡುಗಳ ಮೇಲೆ ಅಭ್ಯಾಸ ಮಾಡಿದ. ಪ್ರತಿ ಸಲವೂ ಮೇಲೆ ಭಾಲ್ಕಿ, ಕೆಳಗೆ ಔರಾದ. ಐದನೆಯ ದಿನ ಕೊಳಾರಕ್ಕೆ ಫೋನು ಹಚ್ಚಿದ. ಯಂತ್ರದ ಪಕ್ಕದಲ್ಲಿರುವ ಗುಂಡಿಯನ್ನು ಸೊನ್ನೆಗೆ ಇಟ್ಟಿದ್ದೀಯಾ ಎಂದು ಮುಜೀಬೋದ್ದೀನ ಕೇಳಿದರು. ಆ ಗುಂಡಿ ಅಲಗನ್ನು ಮುಂದಕ್ಕೆ ಒದೆಯುತ್ತದೆ, ನೇರ ದಾರಿಗೆ ಸರಿ, ತಿರುವಿಗೆ ಅಲ್ಲ. ಯಂತ್ರದ ಚೆಂದಕ್ಕೆ ಇಟ್ಟ ಗುಂಡಿ ಅದೆಂದು ಧೊಂಡಿಬಾ ಇಷ್ಟು ವರ್ಷ ತಿಳಿದಿದ್ದ. ಸೊನ್ನೆಗೆ ತಿರುಗಿಸಿದ. ಸ್ವಲ್ಪ ಸುಧಾರಿಸಿತು, ಸರಿಯಾಗಲಿಲ್ಲ.

ಆರನೆಯ ದಿನ ಮಧ್ಯಾಹ್ನ ನಾನು ಹೋದಾಗ ಕಾಂತಾಬಾಯಿ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಧೊಂಡಿಬಾ ಒಂದು ತುಂಡಿನ ತಿರುವಿನಲ್ಲಿ ಯಂತ್ರವನ್ನು ಎದೆಯಿಂದ ಒತ್ತುತ್ತಿದ್ದ. ಅಲಗು ಫಟ್ಟೆಂದು ಮುರಿಯಿತು. ಅವಳು ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು.

"ಇಪ್ಪತ್ತು ವರ್ಷ ಕುರಿ ಹೊಡದೀರಿ. ಬದುವಿನ ತಿರುವಿನ್ಯಾಗ ಹಿಂಗ ನೂಕತಿದ್ರೇನು?"

"ನೂಕಿದರ ಹಿಂದಿನ ಕುರಿ ಮಂದೀ ಹೊಲದ ತೊಗರ್ಯಾಗ ಬೀಳ್ತಾವು," ಎಂದ ಅವನು, ಮುರಿದ ಅಲಗನ್ನೇ ನೋಡುತ್ತ.

"ಮತ್ತ ಏನ್ ಮಾಡ್ತಿದ್ರಿ?"

"ನಿಂದರ್ತಿದ್ದೆ. ಬಾಲದಾಗಿನ ಕಡೀ ಕುರಿ ತಿರುಗೂ ತನಕ."

"ಈ ಕಬ್ಬಿಣದ ಕುರಿಗ್ಯಾಕ ನಿಂದರೂದಿಲ್ಲ?"

ಅವಳು ಬೈಯಲೆಂದೇ ಹೇಳಿದ ಮಾತು. ಹೇಳಿ ಮುಗಿಸುವಷ್ಟರಲ್ಲಿ, ಹೇಳಬಾರದಿತ್ತೆಂದು ಅವಳಿಗೇ ಅನ್ನಿಸಿರಬೇಕು. ಏಕೆಂದರೆ ಗಂಡ ಡಬ್ಬಿ ಮುಟ್ಟದೆ ಎದ್ದು, ಇನ್ನೊಂದು ತುಂಡನ್ನು ಎರಡು ಎತ್ತರದ ಸ್ಟೂಲುಗಳ ಮೇಲೆ ಏರಿಸುತ್ತಿದ್ದ. ಅದರ ಕೆಳಗೆ, ನೆಲದ ಮೇಲೆ, ಅವಳ ಮುಖ ನೋಡುವ ಕನ್ನಡಿ ಇಟ್ಟ. ಮೇಲೆ ಗೆರೆ, ಕೆಳಗೆ ಕನ್ನಡಿಯಲ್ಲಿ ಅಲಗಿನ ತುದಿ. ಯಂತ್ರ ನಡೆಯಿತು. ತಿರುವು ಬಂದಾಗ ಕೈ ನಿಂತಿತು. ಒತ್ತಲಿಲ್ಲ, ಎಳೆಯಲಿಲ್ಲ. ಯಂತ್ರ ನಿಂತಲ್ಲೇ ಗುರುಗುಟ್ಟುತ್ತ ಇತ್ತು, ಕನ್ನಡಿಯಲ್ಲಿ ಬಾಗಿದ್ದ ಅಲಗು ನೆಟ್ಟಗಾಯಿತು. ಆಮೇಲೆ ಒಂದು ನೂಲು ಮುಂದೆ. ಮತ್ತೆ ನಿಲುವು. ಒಂದು ಗೇಣು ಕೊಯ್ಯಲು ಅರ್ಧ ತಾಸು ಹಿಡಿಯಿತು. ನಡುವೆ ಅವನ ಬಾಯಿಂದ, ಕುರಿಗಳಿಗೆ ಹಾಕುವ 'ಹುರ್ರ್, ಹುರ್ರ್' ಎಂಬ ಸದ್ದು ತಾನಾಗಿಯೇ ಬರುತ್ತಿತ್ತು. ನಾನು ಗುಣ್ಯಾ ಹಚ್ಚಿ ನೋಡಿದೆ. ಈ ಸಲ ಎಲ್ಲ ಪುಟಗಳನ್ನೂ ನೋಡಿದೆ. ಬೆಳಕು ಕಾಣಲಿಲ್ಲ.

ಉಳಿದ ಎರಡು ದಿನದಲ್ಲಿ ನಿಜವಾದ ಪಟ್ಟಿಗಳಾದವು. ಬಿಗಿ ತಿರುವುಗಳಲ್ಲಿ ಅಲಗಿಗೆ ಜಾಗ ಸಿಗಲೆಂದು ಬೇಡದ ಭಾಗದಲ್ಲಿ ಮೊದಲೇ ಅಡ್ಡಡ್ಡ ಸೀಳು ಹಾಕಿದ. ಆ ತುಂಡುಗಳು ಒಂದೊಂದಾಗಿ ಕಳಚಿ ಬಿದ್ದವು. ಗೆರೆಯ ಹೊರಗೆ ಒಂದು ನೂಲು ಬಿಟ್ಟು ಕೊಯ್ದು, ಎರಡೂ ಪಟ್ಟಿಗಳನ್ನು ಒಂದಕ್ಕೊಂದು ಕಟ್ಟಿ, ಒಂದೇ ಕಟ್ಟಿಗೆಯೆಂಬಂತೆ ಅರದಿಂದ ಉಜ್ಜಿ ಗೆರೆಗೆ ತಂದ. ಉಜ್ಜುವಾಗ ಕಾಂತಾಬಾಯಿ ಇನ್ನೊಂದು ತುದಿ ಹಿಡಿದಿದ್ದಳು. ಸೋಲಲಿ ಎಂದು ಬಯಸಿದ್ದರೂ ಓರೆ ಹಿಡಿಯುವಷ್ಟು ಕೆಟ್ಟವಳಲ್ಲ ತಾನು ಎಂದು ಆಮೇಲೆ ನನ್ನ ಹೆಂಡತಿಗೆ ಹೇಳಿದಳಂತೆ.

ಎಂಟನೆಯ ದಿನ ಶಿವರಾಜಪ್ಪನವರ ಪಡಸಾಲೆಯಲ್ಲಿ ಓಣಿಯೇ ನೆರೆದಿತ್ತು. ಮಡೆಪ್ಪ ಸೀಮೆಸುಣ್ಣದಿಂದ ಬಾಗುಪಟ್ಟಿಗಳ ಪಕ್ಕದಲ್ಲಿ ಫರಸಿಯ ಮೇಲೆ ಗೆರೆ ಎಳೆದ. ಆಯಿ ಕುಳಿತರು. ನೂರು ಸಲ ತೂಗಬೇಕು, ಎಣಿಸುವವನು ಮಡೆಪ್ಪ. ವಿಮಲಾಬಾಯಿ ಅಡುಗೆಮನೆಯ ಹೊಸ್ತಿಲಲ್ಲಿ ಸೆರಗು ಸಿಕ್ಕಿಸಿ, ಕೋಟೆ ಕಾಯುವವರಂತೆ ನಿಂತರು. ನಲವತ್ತರವರೆಗೆ ಮಡೆಪ್ಪ ಜೋರಾಗಿ ಎಣಿಸಿದ. ಎಪ್ಪತ್ತಕ್ಕೆ ದನಿ ಇಳಿಯಿತು. ತೊಂಬತ್ತಕ್ಕೆ ಅವನು ಎಣಿಸುವುದನ್ನು ಬಿಟ್ಟು ಮಂಡಿಯೂರಿ ಗೆರೆ ನೋಡುತ್ತಿದ್ದ. ಕುರ್ಚಿ ಗೆರೆ ದಾಟಿರಲಿಲ್ಲ.

ಮಡೆಪ್ಪ ಪಟ್ಟಿಯನ್ನು ಕೈಯಿಂದ ಸವರಿದ. ಕೆಳಗೂ ಸವರಿದ. ಎದ್ದು ನಿಂತು, ಧೂಳು ಕೊಡವಿಕೊಂಡು, ಶಿವರಾಜಪ್ಪನವರಿಗೆ ಹೇಳಿದ:

"ಬಡಿಗ್ಯಾಗ ಚಹಾ ಕೊಡ್ರಿ."

ಮಡೆಪ್ಪನಿಗೇ ಚಹಾ ಬೇಕಾಗಿದೆಯೆಂದುಕೊಂಡು ವಿಮಲಾಬಾಯಿ ಕಪ್ಪನ್ನು ಅವನ ಮುಂದೆ ಹಿಡಿದರು. ಮಡೆಪ್ಪ ಅದನ್ನು ಧೊಂಡಿಬಾನ ಕಡೆಗೆ ದೂಡಿದ. ಆಗ ಮಾತ್ರ ಧೊಂಡಿಬಾನಿಗೆ ಆ ಮಾತು ತನಗೆಂದು ತಿಳಿಯಿತು. ಕಾಂತಾಬಾಯಿ ನಾಲ್ಕು ಬೆರಳು ತೋರಿಸಿ, ಎರಡನ್ನು ಮಡಚಿ, ಇನ್ನೂ ಇಬ್ಬರು ಬೇಕು ಎಂದಳು. ಅಷ್ಟರಲ್ಲಿ ಓಣಿಯವರು ನಾ ಮುಂದೆ ತಾ ಮುಂದೆ ಎಂದು ಅವನನ್ನು ಬಡಿಗ, ಬಡಿಗ ಎಂದು ಕೂಗಿ ಅವಳ ಲೆಕ್ಕ ಕೆಡಿಸಿಬಿಟ್ಟರು.

ಎಲ್ಲರಿಗಿಂತ ನಿರಾಶರಾದವರು ಬಸವೇಶ್ವರಿ ಆಯಿ. ಮೊದಲಿನ ಕುರ್ಚಿ ಅಡುಗೆಮನೆಗಾದರೂ ಕರೆದುಕೊಂಡು ಹೋಗುತ್ತಿತ್ತು, ಇದು ಎಲ್ಲಿಗೂ ಒಯ್ಯುವುದಿಲ್ಲ ಎಂದು ಹೇಳುತ್ತಲೇ ಮುಂದೆ ಆರು ವರ್ಷ ಅದರಲ್ಲಿ ತೂಗಿ, ಒಂದು ಶ್ರಾವಣ ಸೋಮವಾರ ಊಟವಾದ ಮೇಲೆ ಅದರಲ್ಲೇ ಕಣ್ಣು ಮುಚ್ಚಿದರು. ಈಗ ವಿಮಲಾಬಾಯಿ ಅದರಲ್ಲಿ ಕುಳಿತು, ತಮ್ಮ ಸೊಸೆಯ ಅಡುಗೆಯ ವಿಮರ್ಶೆ ಮಾಡುತ್ತಾರೆ.

ಧೊಂಡಿಬಾ ಡಾಬಕಾಕ್ಕೆ ಮರಳಲಿಲ್ಲ. ಷರತ್ತಿನಲ್ಲಿ ಸೋತ ಕಾಂತಾಬಾಯಿ ಆರು ಕುರಿಗಳನ್ನು ಭಾಲ್ಕಿಗೇ ತರಿಸಿಕೊಂಡಳು. ಅವು ಅಂಗಡಿಯ ಹಿಂದೆ ಕಟ್ಟಿಗೆಯ ಹೊಟ್ಟಿನ ಹಾಸಿಗೆಯಲ್ಲಿ ಮಲಗುತ್ತವೆ. ತಾಲೂಕಿನಲ್ಲಿ ಸಾಗವಾನಿಯ ವಾಸನೆ ಬರುವ ಉಣ್ಣೆ ಅವುಗಳದೊಂದೇ. ಮಡೆಪ್ಪನಿಗೆ ಈಗ ಕಣ್ಣು ಮಂಜು. ದಪ್ಪ ಕಟ್ಟಿಗೆಯ ತಿರುವಿನ ಕೆಲಸವೆಲ್ಲ ಇಲ್ಲಿಗೇ ಕಳಿಸುತ್ತಾನೆ. ಸಂಜೆ ಬಂದು ಕುಳಿತು, ಎಷ್ಟು ಉಣ್ಣೆ ಬಂತೆಂದು ಈಗಲೂ ಕೇಳುತ್ತಾನೆ. ಉಣ್ಣೆ ನಿಜವಾಗಿಯೂ ಬರುತ್ತಿರುವುದರಿಂದ ಕಾಂತಾಬಾಯಿ ತೂಕ ಹೇಳುತ್ತಾಳೆ.

ಸದ್ಯ ಧೊಂಡಿಬಾ ಬೀದರದ ಹಳೆಯ ಊರಿನ ಅಬ್ದುಲ ಖಾದರ ಎಂಬುವರ ಮನೆಯ ಬಾಗಿಲಿಗೆ ಕಮಾನು ಮಾಡುತ್ತಿದ್ದಾನೆ. ಅವರ ಮುತ್ತಜ್ಜನ ಕಾಲದ ಕಮಾನನ್ನು ಗೆದ್ದಲು ತಿಂದಿದೆ. ಮೂರಿಂಚು ದಪ್ಪದ ನಾಲ್ಕು ತುಂಡು, ಪ್ರತಿಯೊಂದರಲ್ಲೂ ಎರಡು ತಿರುವು. ತಿಂಗಳಾಯಿತು, ಮೂರು ತುಂಡು ಮುಗಿದಿವೆ. ಅಬ್ದುಲ ಖಾದರ ಸಾಹೇಬರು ಅಲ್ಲಿಯವರೆಗೆ ಬಾಗಿಲಿಗೆ ಪರದೆ ಕಟ್ಟಿಕೊಂಡಿದ್ದಾರೆ. ವಾರಕ್ಕೊಮ್ಮೆ ಫೋನು ಮಾಡಿ, ಆಡುಗಳು ಒಳಗೆ ಬರುತ್ತಿವೆ, ಬೇಗ ಮಾಡು ಎನ್ನುತ್ತಾರೆ. ನಿನ್ನೆ ನಾನು ಹೋದಾಗ ನಾಲ್ಕನೆಯ ತುಂಡು ಸ್ಟೂಲಿನ ಮೇಲಿತ್ತು. ಧೊಂಡಿಬಾ ಅದರ ಕೆಳಗೆ ಅಂಗಾತ ಮಲಗಿ, ತಿರುವಿನಲ್ಲಿ ನಿಂತ ಅಲಗಿನ ತುದಿಯನ್ನು ನೋಡುತ್ತಿದ್ದ. ನಮಸ್ಕಾರವನ್ನೂ ಮಲಗಿಕೊಂಡೇ ಮಾಡಿದ. ಕಮಾನು ಯಾವಾಗ ಮುಗಿಯುತ್ತದೆಂದು ಕೇಳಿದೆ.

"ಇನ್ನಾ ಬಾಲ ತಿರುಗಿಲ್ರಿ ಸರ್," ಎಂದ.